ರಸ್ತೆ ಎಲ್ಲಿ ಬರಬೇಕೆಂದು ತೀರ್ಮಾನಿಸುವವರು ಯಾರು?

ಪ್ರಶ್ನೆ: ಮೇಲ್ಸೇತುವೆ, ಮೆಟ್ರೊ, ಬಸ್ಸು ಇವುಗಳಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕೆಂದು ನಿಜವಾಗಿ ನಿರ್ಧರಿಸುವವರು ಯಾರು?

ಉತ್ತರ: ಕಾಗದದ ಮೇಲಿನ ಉತ್ತರ ಸುಲಭ. ಸಂವಿಧಾನದ 74ನೇ ತಿದ್ದುಪಡಿಯ ಪ್ರಕಾರ ಮಹಾನಗರದ ಅಭಿವೃದ್ಧಿ ಯೋಜನೆಯ ಕರಡು ತಯಾರಿಸಬೇಕಾದದ್ದು ಮಹಾನಗರ ಯೋಜನಾ ಸಮಿತಿ. ಅದರಲ್ಲಿ ಮೂರನೇ ಎರಡರಷ್ಟು ಮಂದಿ ಸ್ಥಳೀಯ ಜನಪ್ರತಿನಿಧಿಗಳಿಂದ ಆಯ್ಕೆಯಾದವರಿರಬೇಕು. ಆದರೆ ಬೆಂಗಳೂರಿನಲ್ಲಿ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಸಮಿತಿಗೆ ಆರಿಸಲು ಸದಸ್ಯರೇ ಇರಲಿಲ್ಲ!

ನಿಜವಾದ ಹಿಡಿತ ಇರುವುದು ದುಡ್ಡಿನ ಗಂಟು ಬಿಚ್ಚುವವರ ಕೈಯಲ್ಲಿ. ನಮ್ಮ ಮೆಟ್ರೊ ಕೇಂದ್ರ, ರಾಜ್ಯಗಳ ಜಂಟಿ ಕಂಪನಿ. ಸಾಲ ಕೊಡುವ ವಿದೇಶಿ ಬ್ಯಾಂಕುಗಳಿಗೂ ತಮ್ಮದೇ ಷರತ್ತುಗಳಿರುತ್ತವೆ. ಇನ್ನು ಸಲಹಾ ಸಂಸ್ಥೆಗಳು. ಸಮಗ್ರ ಯೋಜನಾ ವರದಿ, ಅಂದರೆ ಡಿಪಿಆರ್, ಬರೆಯುವವರು ಇವರು. ಎಷ್ಟೋ ಸಲ ಘೋಷಣೆ ಮೊದಲು, ಸಮರ್ಥನೆ ಆಮೇಲೆ. ಮದುವೆ ನಿಶ್ಚಯಿಸಿ ಜಾತಕ ತೋರಿಸಿದ ಹಾಗೆ.

ಜನರ ಮಾತು ನಡೆದದ್ದೇ ಇಲ್ಲವೆ? ನಡೆದಿದೆ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿ.ಮೀ. ಉಕ್ಕಿನ ಸೇತುವೆ ಕಟ್ಟಲು ಹೊರಟಾಗ ಎಂಟುನೂರಕ್ಕೂ ಹೆಚ್ಚು ಮರಗಳಿಗೆ ಕೊಡಲಿ ಬೀಳುವುದಿತ್ತು. ಜನ ಕೈಕೈ ಹಿಡಿದು ರಸ್ತೆಬದಿ ಸಾಲಾಗಿ ನಿಂತು 'ಬೇಡ' ಎಂದರು. ಹಸಿರು ನ್ಯಾಯಮಂಡಳಿಯೂ ತಡೆ ಕೊಟ್ಟಿತು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು.

ಆದರೆ ಗಮನಿಸಿ: ಜನರಿಗೆ ಸಿಕ್ಕಿದ್ದು 'ಬೇಡ' ಎನ್ನುವ ಅವಕಾಶ. ಅದೇ ದುಡ್ಡಿಗೆ ಬಸ್ಸು ಕೊಡಿ, ಫುಟ್‌ಪಾತ್ ಸರಿಮಾಡಿ ಎಂದು ಕೇಳಿ ಪಡೆಯುವ ಕಿಟಕಿ ಆಗಲೂ ತೆರೆದಿರಲಿಲ್ಲ.