ಬಸ್ಸಿನಲ್ಲಿ ಕಿವಿಗೆ ಬೀಳುವ ಬದುಕು

ಮಲ್ಲೇಶ್ವರ, ಚಾಮರಾಜಪೇಟೆ, ಬಸವನಗುಡಿಗಳನ್ನು ಹಾದುಹೋಗುವ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ ನಿತ್ಯವೂ ಒಂದೇ ಹೊತ್ತಿಗೆ ಪ್ರಯಾಣಿಸುವವರು, ಪರಸ್ಪರರ ಹೆಸರು ತಿಳಿಯದಿದ್ದರೂ, ಮಗಳ ಮದುವೆ, ಮನೆ ಬಾಡಿಗೆ, ಅತ್ತೆಯ ಕಾಯಿಲೆ, ಚೀಟಿ ಹಣದ ಮಾತುಗಳಿಂದ ಒಬ್ಬರ ಬದುಕನ್ನು ಇನ್ನೊಬ್ಬರು ದಿನದಿನವೂ ಇಷ್ಟಿಷ್ಟಾಗಿ ಅರಿಯುತ್ತಾರೆ.

ನಂಟಿನ ಹಂಗಿಲ್ಲದ ಹೊರಗಿನವರ ಮುಂದೆ, ಆಪ್ತರಿಂದಲೂ ಬಚ್ಚಿಟ್ಟ ಸಂಗತಿಗಳನ್ನು ಜನ ತೋಡಿಕೊಳ್ಳುವುದುಂಟೆಂದು ಜರ್ಮನಿಯ ಸಮಾಜಶಾಸ್ತ್ರಜ್ಞ ಗಿಯೋರ್ಗ್ ಸಿಮೆಲ್ 1908ರಲ್ಲೇ ಗುರುತಿಸಿದ್ದರು. ಕೆನಡಾ ಮೂಲದ ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್ 1963ರಲ್ಲಿ ವಿವರಿಸಿದ ‘ಸೌಜನ್ಯದ ಅಲಕ್ಷ್ಯ’ವೆಂದರೆ, ಇತರರ ಇರವನ್ನು ಒಪ್ಪಿಕೊಂಡೇ ಅವರ ಖಾಸಗಿತನಕ್ಕೆ ಎಡೆಗೊಡುವ ಶಿಷ್ಟಾಚಾರ. ಮಾತು ಕೇಳಿಸಿದರೂ ಕಿಟಕಿಯತ್ತ ಮುಖ ತಿರುಗಿಸುವ ಸಹಪ್ರಯಾಣಿಕರು ಪಾಲಿಸುವುದು ಇದನ್ನೇ. ಮೊಬೈಲು ಈ ಪಾಲನೆಯನ್ನು ಕಠಿಣಗೊಳಿಸಿದೆ. ಸಂಭಾಷಣೆಯ ಒಂದು ಬದಿ ಮಾತ್ರ ಕೇಳಿಸಿದಾಗ ಮುಂದಿನ ಮಾತನ್ನು ಊಹಿಸುವುದು ಕಷ್ಟವಾಗಿ, ಗಮನ ಹೆಚ್ಚು ಚದುರುತ್ತದೆಂದು ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ತೋರಿಸಿದರು.

ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಒದಗಿಸುವ ‘ಶಕ್ತಿ’ ಯೋಜನೆ 2023ರ ಜೂನ್ 11ರಂದು ಆರಂಭವಾಯಿತು. ಹೀಗಾಗಿ ಬಸ್ಸಿನ ಮುಂಭಾಗದ ಮಹಿಳಾ ಆಸನಗಳಲ್ಲಿ ಹೂ ಮಾರುವವರು, ಮನೆಗೆಲಸದವರು, ಕಚೇರಿ ನೌಕರರು ಅಕ್ಕಪಕ್ಕ ಕುಳಿತು ಸುಖದುಃಖ ಹಂಚಿಕೊಳ್ಳಬಲ್ಲರು. ಬಸ್ಸಿನಂತೆ ಬೇರೆ ಬೇರೆ ವರ್ಗದವರು ಪರಸ್ಪರರ ಕಷ್ಟವನ್ನು ನೇರವಾಗಿ ಅರಿಯಬಲ್ಲ ತಾಣಗಳು ನಗರದಲ್ಲಿ ವಿರಳವಾದ್ದರಿಂದ, ಕೇಳಿದ್ದನ್ನು ಗೌರವದಿಂದ ಕಾಪಾಡುವುದು ಪ್ರತಿಯೊಬ್ಬ ಪ್ರಯಾಣಿಕರ ಹೊಣೆಯೂ ಆಗಿದೆ.