ಒದ್ದೆ ಕಲ್ಲಿನ ಬಣ್ಣ

ದೀಪಾವಳಿ ಕಳೆದು ಹಳ್ಳದ ನೀರು ತಿಳಿಯಾದ ಮೇಲೆ ನಾನು ಮಕ್ಕಳನ್ನು ಕಲ್ಲು ಆರಿಸಲು ಕರೆದುಕೊಂಡು ಹೋಗುತ್ತೇನೆ. ಮೊದಲ ವರ್ಷ ಆರನೇ ತರಗತಿಯ ಹುಡುಗನೊಬ್ಬ ನೀರಿನಿಂದ ಒಂದು ಕಲ್ಲು ಎತ್ತಿದ. ಹೊಸ ಬೆಲ್ಲದ ಬಣ್ಣ, ನಡುವೆ ಬಿಳಿ ಗೆರೆ. ಅಂಗಿ ಜೇಬಿಗೆ ಹಾಕಿಕೊಂಡು ದಾರಿಯುದ್ದಕ್ಕೂ ಮುಟ್ಟಿ ಮುಟ್ಟಿ ನೋಡಿಕೊಂಡ. ಮರುದಿನ ಬೆಳಿಗ್ಗೆ ನನ್ನ ಅಂಗಡಿ ಬಾಗಿಲಿಗೆ ಬಂದು ಅಂಗೈ ಬಿಚ್ಚಿದ. ಬೂದಿ ಬಣ್ಣದ ಒಂದು ಕಲ್ಲು.

“ಮಾವ, ನೀರಲ್ಲಿದ್ದಾಗ ಚೆಂದ ಇತ್ತು. ಕಲ್ಲು ಸತ್ತೋಯ್ತಾ?”

ಕೊಪ್ಪದಲ್ಲಿ ನನ್ನದು ಮೋಟಾರು ರಿವೈಂಡಿಂಗ್ ಅಂಗಡಿ. ಅಡಿಕೆ ತೋಟದ ಪಂಪುಸೆಟ್ಟುಗಳು ಬೇಸಿಗೆಯಲ್ಲಿ ಸುಟ್ಟು ಬರುತ್ತವೆ, ತಾಮ್ರದ ತಂತಿ ಸುತ್ತಿ ಕಳಿಸುತ್ತೇನೆ. ಮಳೆಗಾಲದಲ್ಲಿ ಕೆಲಸ ಕಡಿಮೆ. ಆ ಬಿಡುವಿನಲ್ಲಿ ಹತ್ತಿದ ಹುಚ್ಚು ಇದು, ಕಲ್ಲು ಹೊಳೆಸುವುದು. ಮೊದಲು ನನ್ನಷ್ಟಕ್ಕೆ ಮಾಡಿಕೊಂಡಿದ್ದೆ. ಪಕ್ಕದ ಸರ್ಕಾರಿ ಶಾಲೆಯ ಮೇಷ್ಟ್ರು ಒಂದು ದಿನ ಕಿಟಕಿಯಲ್ಲಿಟ್ಟ ಕಲ್ಲುಗಳನ್ನು ನೋಡಿ, ಬ್ಯಾಗಿಲ್ಲದ ಶನಿವಾರ ಮಕ್ಕಳಿಗೂ ತೋರಿಸಿ ಎಂದರು. ಹಾಗೆ ಶುರುವಾಯಿತು.

ಹುಡುಗನ ಪ್ರಶ್ನೆಗೆ ಶಾಲೆಯ ಕರಿಹಲಗೆಯನ್ನೇ ಇಟ್ಟುಕೊಂಡು ಉತ್ತರ ಹೇಳಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಹಲಗೆ ಕಪ್ಪಗೆ ಮಿಂಚುತ್ತದೆ, ಒಣಗಿದ ಕೂಡಲೇ ಬಿಳಿಚುತ್ತದೆ. ಹಲಗೆಯ ಬಣ್ಣ ಎಲ್ಲಿಗೂ ಹೋಗಿಲ್ಲ. ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು, ಗುಳಿಗಳಿವೆ. ಬೆಳಕು ಅವುಗಳಿಗೆ ಬಡಿದು ದಿಕ್ಕಾಪಾಲಾಗಿ ಚೆದುರುತ್ತದೆ. ಆ ಚೆದುರಿದ ಬಿಳಿ ಬೆಳಕು ಒಳಗಿನ ಬಣ್ಣದ ಮೇಲೆ ಮಂಜಿನ ಹಾಗೆ ಕೂರುತ್ತದೆ. ನೀರು ಗುಳಿಗಳನ್ನು ತುಂಬಿ ಮೈಯನ್ನು ಸಮ ಮಾಡಿದಾಗ ಮಂಜು ಸರಿಯುತ್ತದೆ. ಕಲ್ಲಿಗೂ ಇದೇ. ಹೊಳಪು ಎಂಬುದು ಹೊರಗಿನಿಂದ ಹಚ್ಚುವ ಬಣ್ಣವಲ್ಲ, ಎಣ್ಣೆಯಲ್ಲ, ವಾರ್ನಿಷ್ಷೂ ಅಲ್ಲ. ಇರುವ ಗೀರುಗಳನ್ನು ಇನ್ನೂ ಸಣ್ಣ ಗೀರುಗಳಿಂದ ಅಳಿಸುತ್ತಾ ಹೋಗುವುದು, ಬೆಳಕಿಗೆ ತಡೆಯೇ ಇಲ್ಲದಷ್ಟು ಸಣ್ಣದಾಗುವ ತನಕ. ಕೆಲಸ ಮುಗಿದಿದೆಯೋ ಇಲ್ಲವೋ ತಿಳಿಯುವ ಪರೀಕ್ಷೆಯೂ ಇದರಲ್ಲೇ ಇದೆ. ಕಲ್ಲನ್ನು ಒದ್ದೆ ಮಾಡಿ ನೋಡಿ, ಒಣಗಿಸಿ ನೋಡಿ. ಎರಡೂ ಸಲ ಒಂದೇ ಹಾಗೆ ಕಂಡರೆ ಮುಗಿಯಿತು.

ಯಂತ್ರವನ್ನು ನಾನೇ ಮಾಡಿದ್ದು. ಗುಜರಿಗೆ ಹೋಗಬೇಕಿದ್ದ ಕಾಲು ಎಚ್‌ಪಿ ಮೋಟಾರು ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ. ಅಷ್ಟು ವೇಗಕ್ಕೆ ಕಲ್ಲುಗಳು ಪೀಪಾಯಿಯ ಗೋಡೆಗೆ ಅಂಟಿಕೊಂಡು ಸುಮ್ಮನೆ ಸುತ್ತುತ್ತವೆ. ಎರಡಿಂಚಿನ ಪುಲ್ಲಿಯಿಂದ ಹತ್ತಿಂಚಿನ ಪುಲ್ಲಿಗೆ ಬೆಲ್ಟು ಹಾಕಿ ವೇಗವನ್ನು ಐದನೇ ಒಂದು ಭಾಗಕ್ಕೆ ಇಳಿಸಿದೆ. ಅಲ್ಲಿಂದ ಒಂದಿಂಚಿನ ರೋಲರ್ ಮೇಲೆ ಆರಿಂಚಿನ ಪೀಪಾಯಿ ಕೂರಿಸಿದಾಗ ನಿಮಿಷಕ್ಕೆ ಐವತ್ತರ ಹತ್ತಿರ ಬಂತು. ಈ ಲೆಕ್ಕವನ್ನು ಏಳನೇ ತರಗತಿಯವರು ನನಗಿಂತ ಬೇಗ ಮಾಡಿದರು. ಪೀಪಾಯಿ ಎಂದರೆ ಪಿವಿಸಿ ಪೈಪಿನ ತುಂಡು, ಒಳಗೆ ಲಾರಿ ಟ್ಯೂಬಿನ ರಬ್ಬರು ಅಂಟಿಸಿದ್ದು. ಮುಕ್ಕಾಲು ಭಾಗ ಕಲ್ಲು ತುಂಬಿ, ಸಾಣೆಪುಡಿ ಹಾಕಿ, ಕಲ್ಲು ಮುಳುಗುವುದಕ್ಕೆ ಸ್ವಲ್ಪ ಕಡಿಮೆ ನೀರು ಹೊಯ್ದು ಮುಚ್ಚಳ ಬಿಗಿಯುತ್ತೇವೆ. ಒಳಗೆ ಕಲ್ಲುಗಳು ಏರುತ್ತವೆ, ರಾಶಿಯ ಮೇಲಿಂದ ಜಾರುತ್ತವೆ, ಮತ್ತೆ ಏರುತ್ತವೆ. ಹೊಳೆ ಸಾವಿರಾರು ವರ್ಷ ಮಾಡುವ ಕೆಲಸ ಅಲ್ಲಿ ಹಗಲೂ ರಾತ್ರಿ ನಡೆಯುತ್ತದೆ. ಗುಡುಗುಡು ಶಬ್ದಕ್ಕೆ ನಮ್ಮ ಮನೆಯವರಿಗೆ ಈಗ ನಿದ್ದೆ ಬರುತ್ತದೆ. ಕರೆಂಟು ಹೋಗಿ ಅದು ನಿಂತಾಗ ಎಚ್ಚರವಾಗುತ್ತದೆ.

ಮಕ್ಕಳ ಜೊತೆಗಿನ ಮೊದಲ ಪೀಪಾಯಿ ಹಾಳಾಯಿತು. ತಪ್ಪು ನನ್ನದೇ. ಇಪ್ಪತ್ತಮೂರು ಮಕ್ಕಳು ತಂದ ಕಲ್ಲುಗಳನ್ನೆಲ್ಲ ಒಂದೇ ಸಲ ಸುರಿದುಬಿಟ್ಟಿದ್ದೆ. ವಾರದ ನಂತರ ಮುಚ್ಚಳ ತೆಗೆದರೆ ಒಳಗೆ ಕೆಂಪು ರಾಡಿ. ಜಂಬಿಟ್ಟಿಗೆಯ ಚೂರುಗಳು ಕರಗಿಹೋಗಿದ್ದವು. ಕಾಗೆಬಂಗಾರ ಮಿನುಗುತ್ತಿದ್ದ ಕಲ್ಲು ಪದರ ಪದರವಾಗಿ ಬಿಚ್ಚಿ ಹುಡಿಯಾಗಿತ್ತು. ಬೆಣಚುಕಲ್ಲುಗಳು ಮಾತ್ರ ಗಟ್ಟಿಯಾಗಿ ಉಳಿದಿದ್ದವು. ಕಾಗೆಬಂಗಾರದ ಕಲ್ಲು ತಂದಿದ್ದ ಹುಡುಗಿ ರಾಡಿಯಲ್ಲಿ ಮೊಣಕೈವರೆಗೆ ಕೈ ಹಾಕಿ ಹುಡುಕಿದಳು. ಸಿಗಲಿಲ್ಲ ಎಂದು ಗೊತ್ತಾದಾಗ ಯಾರ ಕಡೆಗೂ ನೋಡದೆ ಹೋಗಿ ನಲ್ಲಿಯ ಹತ್ತಿರ ನಿಂತಳು. ಮಗುವಿನ ವಸ್ತುವೊಂದನ್ನು ನಂಬಿಕೆಯಿಂದ ಪಡೆದು ಕಳೆದ ಸಂಕಟ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಅಂದಿನಿಂದ ಗಡಸುತನ ನೋಡದೆ ಯಾವ ಕಲ್ಲನ್ನೂ ಒಳಗೆ ಹಾಕುವುದಿಲ್ಲ. ಫ್ರೀಡ್ರಿಖ್ ಮೋಸ್ ಎಂಬ ಖನಿಜ ತಜ್ಞ 1812ರಲ್ಲಿ ಒಂದು ಸರಳ ಕ್ರಮ ಹಾಕಿಕೊಟ್ಟ. ಯಾವುದು ಯಾವುದನ್ನು ಗೀರುತ್ತದೆ ಎಂಬುದಷ್ಟೇ ಅದರ ಲೆಕ್ಕ. ಎಲ್ಲಕ್ಕಿಂತ ಮೆದುವಾದದ್ದಕ್ಕೆ 1, ವಜ್ರಕ್ಕೆ 10. ನಮ್ಮ ಉಗುರು ಸುಮಾರು ಎರಡೂವರೆ, ತಾಮ್ರ ಮೂರರ ಹತ್ತಿರ, ಕಿಟಕಿ ಗಾಜು ಐದೂವರೆ, ಬೆಣಚು 7. ಮಕ್ಕಳ ಬಳಿ ಈಗ ಒಂದು ಡಬ್ಬಿ ಇದೆ. ಅದರಲ್ಲಿ ತಾಮ್ರದ ತಂತಿ, ಕಬ್ಬಿಣದ ಮೊಳೆ, ಅಂಚು ಉಜ್ಜಿ ಮೊಂಡು ಮಾಡಿದ ಗಾಜಿನ ತುಂಡು, ಒಂದು ಅಯಸ್ಕಾಂತ. ಗಾಜನ್ನು ಗೀರುವ ಕಲ್ಲುಗಳು ಒಂದು ಬುಟ್ಟಿಗೆ, ಮೊಳೆಗೆ ಸೋಲುವವು ಇನ್ನೊಂದಕ್ಕೆ. ಬಾಳೆಹೊನ್ನೂರಿನ ನೆಂಟರ ಮನೆಗೆ ಹೋಗಿದ್ದ ಹುಡುಗನೊಬ್ಬ ಭದ್ರಾ ಹೊಳೆಯಿಂದ ತಂದ ಪಟ್ಟೆಪಟ್ಟೆ ಕಪ್ಪು ಕಲ್ಲಿಗೆ ಅಯಸ್ಕಾಂತ ಟಕ್ಕೆಂದು ಅಂಟಿತು. ಮೇಲೆ ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಅಗೆಯುತ್ತಿದ್ದ ಕಬ್ಬಿಣದ ಅದಿರಿನ ಜಾತಿ ಅದು. ಭೂಮಿಯ ಗಾಳಿಯಲ್ಲಿ ಆಮ್ಲಜನಕವೇ ಇಲ್ಲದ ಕಾಲದಲ್ಲಿ, 250 ಕೋಟಿ ವರ್ಷಕ್ಕೂ ಹಿಂದೆ, ಸಮುದ್ರದ ತಳದಲ್ಲಿ ಕಬ್ಬಿಣ ಪದರ ಪದರವಾಗಿ ಕೂತು ಆದ ಕಲ್ಲು.

ಕಲ್ಲು ತರುವುದಕ್ಕೂ ಕಟ್ಟುಪಾಡುಗಳಿವೆ. ತಲೆಗೆ ಎರಡೇ ಕಲ್ಲು. ಏಡಿ ಕೂತ ಕಲ್ಲು, ಅಡಿಯಲ್ಲಿ ಮೊಟ್ಟೆಯಿರುವ ಕಲ್ಲು ಇದ್ದಲ್ಲೇ ಇರಬೇಕು. ಶೃಂಗೇರಿಯ ಮೀನುಗಳ ಘಟ್ಟದಿಂದಾಗಲಿ, ಕುದುರೆಮುಖದ ರಾಷ್ಟ್ರೀಯ ಉದ್ಯಾನದಿಂದಾಗಲಿ ಒಂದು ಹರಳೂ ಬೇಡ.

ಇನ್ನು ಸಾಣೆಪುಡಿ. ಇಂಜಿನ್ ವಾಲ್ವ್ ಕೂರಿಸುವ ಪೇಸ್ಟಿನಲ್ಲಿರುವ ಕಾರ್ಬೊರಂಡಮ್ಮೇ ಇದು. ಅಮೆರಿಕದ ಎಡ್ವರ್ಡ್ ಅಚೆಸನ್ 1891ರ ಸುಮಾರಿಗೆ ಕೃತಕ ವಜ್ರ ಮಾಡಲು ಹೊರಟು ವಿದ್ಯುತ್ತಿನ ಕುಲುಮೆಯಲ್ಲಿ ಪಡೆದದ್ದು. ಗಡಸುತನ 9ಕ್ಕಿಂತ ಹೆಚ್ಚು, ಬೆಣಚನ್ನು ಸಲೀಸಾಗಿ ತಿನ್ನುತ್ತದೆ. ಇದರ ನಂಬರು ಜರಡಿಯದು. 60 ಎಂದರೆ ಒಂದು ಇಂಚಿಗೆ ಅರವತ್ತು ಕಣ್ಣಿರುವ ಜರಡಿಯಲ್ಲಿ ಇಳಿದ ತರಿ. ನಂಬರು ಏರಿದಂತೆ ಪುಡಿ ನುಣುಪು. ಮೊದಲ ವಾರ 60, ಎರಡನೇ ವಾರ 220, ಮೂರನೇ ವಾರ 500. ಕೊನೆಗೆ ಕನ್ನಡಕದ ಗಾಜು ಹೊಳೆಸುವ ಸೀರಿಯಂ ಆಕ್ಸೈಡ್, ಮುಟ್ಟಿದರೆ ಮೈದಾ ಹಿಟ್ಟಿನ ಹಾಗೆ.

ಎರಡು ಹಂತಗಳ ನಡುವೆ ತೊಳೆಯುವುದೇ ನಿಜವಾದ ವಿದ್ಯೆ. 60ರ ಒಂದೇ ಒಂದು ಕಾಳು ಕಲ್ಲಿನ ಬಿರುಕಿನಲ್ಲಿ ಅಡಗಿ ಕೂತರೂ ಸಾಕು, ಕೊನೆಯ ವಾರದಲ್ಲಿ ಎಲ್ಲ ಕಲ್ಲುಗಳ ಮೈಯನ್ನೂ ಗೀರಿಹಾಕುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಮಕ್ಕಳು ಒಂದೊಂದೇ ಕಲ್ಲನ್ನು ಮೂರು ಬಕೆಟ್ ನೀರಿನಲ್ಲಿ ತಿಕ್ಕುತ್ತಾರೆ. ಪೀಪಾಯಿ, ಮುಚ್ಚಳ, ತಮ್ಮ ಉಗುರಿನ ಸಂದು ಎಲ್ಲವನ್ನೂ ತೊಳೆಯಬೇಕು. ಮೊದಮೊದಲು ನಾನು ಮತ್ತೆ ನೋಡುತ್ತಿದ್ದೆ. ಈಗ ನಲ್ಲಿಯ ಹತ್ತಿರ ನಿಂತಿದ್ದ ಆ ಹುಡುಗಿ ನೋಡುತ್ತಾಳೆ. ಅವಳು ಎರಡನೇ ವರ್ಷ ತಂದದ್ದು ಹಾಲುಬಿಳುಪಿನ ಬೆಣಚು. ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ಪುಸ್ತಕದಲ್ಲಿ ಬರೆದಿದ್ದಾಳೆ: ಹಾಕುವಾಗ 62 ಗ್ರಾಂ, ತೆಗೆದಾಗ 47. ಹದಿನೈದು ಗ್ರಾಂ ಎಲ್ಲಿ ಹೋಯಿತು ಎಂದು ಕೇಳಿದ್ದಕ್ಕೆ ರಾಡಿಯ ಬಕೆಟ್ಟನ್ನು ತೋರಿಸಿದಳು. ಆ ರಾಡಿಯನ್ನು ಬಚ್ಚಲಿಗೆ ಹೊಯ್ಯಬಾರದು, ಸಿಮೆಂಟಿನ ಹಾಗೆ ಪೈಪಿನಲ್ಲಿ ಕಚ್ಚಿಕೊಳ್ಳುತ್ತದೆ. ಹಿತ್ತಲಿನಲ್ಲಿ ಗುಂಡಿ ತೋಡಿದ್ದೇವೆ.

ಇನ್ನೊಂದು ಮಾತನ್ನು ನಾನು ಪ್ರತಿ ಸಲ ಗಟ್ಟಿ ದನಿಯಲ್ಲಿ ಹೇಳುತ್ತೇನೆ. ಒಣ ಕಲ್ಲನ್ನು ಯಾರೂ ಉಜ್ಜಬಾರದು. ಗುಜರಾತಿನ ಖಂಭಾತದಲ್ಲಿ ಹರಪ್ಪದ ಕಾಲದಿಂದ ಅಗೇಟ್ ಮಣಿ ಮಾಡುವ ಕಸುಬಿದೆ. ಯಂತ್ರ ಬರುವ ಮೊದಲು ಮಣಿಗಳನ್ನೂ ಸಾಣೆಪುಡಿಯನ್ನೂ ಚರ್ಮದ ಚೀಲಕ್ಕೆ ತುಂಬಿ, ಇಬ್ಬರು ಎದುರುಬದುರು ಕೂತು ದಿನಗಟ್ಟಲೆ ಅತ್ತಿತ್ತ ಉರುಳಿಸುತ್ತಿದ್ದರು. ನಮ್ಮ ಪೀಪಾಯಿಯ ಮುತ್ತಜ್ಜ ಆ ಚೀಲ. ಅದೇ ಊರಿನಲ್ಲಿ ಸಾಣೆಚಕ್ರದ ಮುಂದೆ ಕೂತ ಎಷ್ಟೋ ಜನ ಸಿಲಿಕೋಸಿಸ್‌ನಿಂದ ಉಸಿರುಗಟ್ಟಿ ಸತ್ತಿದ್ದಾರೆ. ಕಲ್ಲಿನ ನುಣ್ಣನೆ ಧೂಳು ಶ್ವಾಸಕೋಶಕ್ಕೆ ಇಳಿದರೆ ಹೊರಗೆ ಬರುವುದಿಲ್ಲ, ಗುಣವಾಗುವ ಮದ್ದೂ ಇಲ್ಲ. ನೀರಿದ್ದರೆ ಧೂಳು ಏಳುವುದಿಲ್ಲ. ಯಂತ್ರವಿಲ್ಲದ ಶಾಲೆಯವರು ಕೇಳಿದಾಗಲೂ ಬಳಪದ ಕಲ್ಲಿನ ತುಂಡು, ಪೇಂಟರುಗಳ ವಾಟರ್ ಪೇಪರು, ಒಂದು ಬೇಸಿನ್ ನೀರು ಸಾಕು ಎನ್ನುತ್ತೇನೆ. ಕಲ್ಲು ನೀರಿನೊಳಗೇ ಇರಬೇಕು, ಮೇಲೆ ಎತ್ತಿ ಉಜ್ಜುವಂತಿಲ್ಲ. 120ರಿಂದ 2000ದ ತನಕ ಕಾಗದ ಬದಲಿಸುತ್ತಾ ಹೋದರೆ ಒಂದೇ ಮಧ್ಯಾಹ್ನದಲ್ಲಿ ಕೈಯೊಳಗೆ ಹೊಳಪು ಹುಟ್ಟುತ್ತದೆ.

ಸಮಾಜ ಪಾಠದಲ್ಲಿ ನವಶಿಲಾಯುಗದವರು ಕಲ್ಲಿನ ಆಯುಧಗಳನ್ನು ಉಜ್ಜಿ ನಯಮಾಡುತ್ತಿದ್ದರು ಎಂಬ ಸಾಲು ಬರುತ್ತದೆ. ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಬೆಟ್ಟದಲ್ಲಿ ಅವರು ಕಪ್ಪು ಡಾಲರೈಟ್ ಕಲ್ಲಿನ ಕೊಡಲಿಗಳನ್ನು ರಾಶಿಗಟ್ಟಲೆ ಮಾಡಿದರು. ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ಕುಳಿಗಳು ಇಂದಿಗೂ ಇವೆ. ಬೇಸಿನ್ನಿನ ಮುಂದೆ ಒಂದು ಗಂಟೆ ಕೂತ ಮಕ್ಕಳಿಗೆ ಆ ಸಾಲಿನ ಅರ್ಥ ಭುಜದ ನೋವಿನಲ್ಲೇ ತಿಳಿಯಿತು. ಪಂಚಾಯತನ ಪೂಜೆ ನಡೆಯುವ ಮನೆಯ ಹುಡುಗನೊಬ್ಬ ಇನ್ನೊಂದು ಹೇಳಿದ. ಗಂಡಕಿಯ ಸಾಲಿಗ್ರಾಮ, ನರ್ಮದೆಯ ಬಾಣಲಿಂಗ, ಶೋಣಾ ನದಿಯ ಕೆಂಪು ಗಣಪತಿ, ಸ್ವರ್ಣಮುಖಿಯ ಅಂಬಿಕೆ, ಸೂರ್ಯನಿಗೆ ಸ್ಫಟಿಕ; ಅವನ ಅಜ್ಜ ದಿನವೂ ಮೀಸುವ ಐದರಲ್ಲಿ ನಾಲ್ಕು ಹೊಳೆಯಿಂದ ಬಂದ ಕಲ್ಲು. ನನಗೆ ಆ ಸಂಬಂಧ ಹೊಳೆದಿರಲಿಲ್ಲ.

ಬೆಲ್ಲದ ಬಣ್ಣದ ಕಲ್ಲು ಐದು ವಾರ ಕಳೆದು ಹೊರಗೆ ಬಂತು. ಹುಡುಗ ಒರೆಸಿ, ಒಣಗಿಸಿ, ಬಿಸಿಲಿಗೆ ಹಿಡಿದ. ಬಣ್ಣ ಹೋಗಲಿಲ್ಲ. ಮನೆಗೆ ಓಡಿದವನು ಸಂಜೆ ಮತ್ತೆ ಬಂದು, ಅಜ್ಜಿ ಕರೆಯುತ್ತಿದ್ದಾಳೆ, ಬರಲೇಬೇಕು ಎಂದು ಹಟ ಹಿಡಿದ. ಕಲ್ಲನ್ನು ಹೆಬ್ಬೆರಳಿನಲ್ಲಿ ಸವರಿ ನೋಡಿದ ಅಜ್ಜಿ, ನಮ್ಮನೆ ಒರಳಿನ ಗುಂಡೂ ಹೀಗೇ ಇದೆಯಲ್ಲೋ ಎಂದಿದ್ದರಂತೆ.

ಒರಳು ಬಚ್ಚಲುಮನೆಯ ಪಕ್ಕ, ಸೌದೆ ರಾಶಿಯ ಹಿಂದೆ ಇತ್ತು. ಮಿಕ್ಸಿ ಬಂದ ಮೇಲೆ ಅತ್ತ ಯಾರೂ ಹೋಗಿರಲಿಲ್ಲ. ಹುಡುಗ ಜೇಡರ ಬಲೆ ತೆಗೆದು ಚೊಂಬಿನಲ್ಲಿ ನೀರು ತಂದು ಗುಂಡಿನ ಮೇಲೆ ಹೊಯ್ದ. ಅಂಗಿಯಲ್ಲೇ ಒರೆಸಿದ. ಬಗ್ಗಿ ನೋಡಿದ. ಕೈ ಹಿಡಿದು ತಿರುಗಿಸುವ ಜಾಗ ಒದ್ದೆಯಲ್ಲೂ ಒಣಗಿದಾಗಲೂ ಒಂದೇ ಹಾಗೆ ಕಪ್ಪಗೆ ಮಿಂಚುತ್ತಿತ್ತು.

“ಗುಂಡು ಚೆಂದ ಆಗಿದೆ, ಒರಳು ಹಾಳಾಗಿದೆ,” ಎಂದರು ಅಜ್ಜಿ. “ಒಳಗೆ ನುಣ್ಣಗಾದ್ರೆ ಹಿಟ್ಟು ಆಗಲ್ಲ. ವರ್ಷಕ್ಕೊಂದು ಸಲ ಉಳಿ ಹೊಡೆಸ್ಬೇಕು. ಹೊಡೆಯೋರು ಬರೋದು ನಿಂತು ಎಷ್ಟು ಕಾಲ ಆಯ್ತೋ.”

ಹುಡುಗ ಆಗಲೇ ಪುಸ್ತಕ ತೆಗೆದಿದ್ದ. ಕಲ್ಲಿನ ಹೆಸರು, ಸಿಕ್ಕಿದ ಜಾಗ ಬರೆದು ಸಾಣೆಪುಡಿಯ ನಂಬರು ಎಂಬ ಕಾಲಂನ ಮುಂದೆ ಪೆನ್ಸಿಲ್ ನಿಲ್ಲಿಸಿ ನನ್ನ ಮುಖ ನೋಡಿದ. ನಾನು ಅಜ್ಜಿಯ ಮುಖ ನೋಡಿದೆ.

“ಅಕ್ಕಿ, ಉದ್ದು ಅಂತ ಬರ್ಕೋ,” ಎಂದರು.