ಸಾಕು, ಕಾಲು ಕೆ.ಜಿ. ತಗೊಳ್ಳಿ

"ಮನೇಲಿ ಫಿಲ್ಟರು ಹಿತ್ತಾಳೇದೋ, ಸ್ಟೀಲಿಂದೋ?"

ಕಾಫಿಪುಡಿ ಕೇಳಿದವನಿಗೆ ಎದುರಾದ ಮೊದಲ ಪ್ರಶ್ನೆ ಇದು. ಸ್ಟೀಲಿಂದು ಅಂದೆ. "ಎಷ್ಟು ಜನ?" ಇಬ್ಬರು. "ಹಾಲು? ಪ್ಯಾಕೆಟ್ಟೋ, ಕರೆದು ತರೋದೋ?" ಪ್ಯಾಕೆಟ್ಟು. "ಬೆಳಗ್ಗೆ ಮಾತ್ರಾನಾ, ಸಂಜೇನೂ ಕುಡೀತೀರಾ?" ಈ ವಿಚಾರಣೆ ಮುಗಿಯುವ ಹೊತ್ತಿಗೆ ನನ್ನ ಹಿಂದೆ ಇನ್ನಿಬ್ಬರು ಬಂದು ನಿಂತಿದ್ದರು. ಅವರಿಗೇನೂ ಅವಸರ ಇದ್ದಂತಿರಲಿಲ್ಲ. ಅರ್ಧ ಕೆ.ಜಿ. ಕೊಡಿ ಅಂದದ್ದಕ್ಕೆ ಯಜಮಾನರು ಕನ್ನಡಕದ ಮೇಲಿಂದ ನೋಡಿದರು.

"ಇಬ್ಬರಿಗೆ ಅರ್ಧ ಕೆ.ಜಿ. ಯಾಕೆ ಸ್ವಾಮಿ? ಹದಿನೈದು ದಿನಕ್ಕೆ ಘಮ ಹೋಗತ್ತೆ. ಸಾಕು, ಕಾಲು ಕೆ.ಜಿ. ತಗೊಳ್ಳಿ. ಮುಗಿದ ಮೇಲೆ ಬನ್ನಿ."

ನಾನಿರುವುದು ಬೆಂಗಳೂರಿನಲ್ಲಿ ಎಂದೆ. "ಹಾಗಾದ್ರೆ ಇನ್ನೂ ಒಳ್ಳೇದಾಯ್ತು. ಆ ನೆಪದಲ್ಲಾದ್ರೂ ಮೈಸೂರಿಗೆ ಬರ್ತೀರಿ."

ನಾನು ಮೈಸೂರಿಗೆ ಹೋದದ್ದು ಕಾಫಿಪುಡಿಗಲ್ಲ. ಹಳೇ ಹೋಟೆಲು, ತಿಂಡಿ ಅಂಗಡಿಗಳನ್ನು ಸುತ್ತಿ ಬಂದು ಬರೆಯುತ್ತೇನೆಂದು ಒಪ್ಪಿಕೊಂಡಿದ್ದೆ. ನಜರ್‌ಬಾದಿನ ದೋಸೆ, ಸಯ್ಯಾಜಿರಾವ್ ರಸ್ತೆಯ ಮೈಸೂರುಪಾಕು, ಮಂಡಿ ಮೊಹಲ್ಲಾದ ಪಲಾವು ಎಂದೆಲ್ಲ ಬರೆದ ಚೀಟಿ ಜೇಬಿನಲ್ಲಿತ್ತು. ಅದರಲ್ಲಿದ್ದದ್ದನ್ನೆಲ್ಲ ತಿಂದದ್ದೂ ಆಯಿತು. ಆದರೆ ಎರಡನೇ ದಿನ ಬೆಳಗ್ಗೆ ಅಗ್ರಹಾರದ ಒಂದು ಅಡ್ಡರಸ್ತೆಯಲ್ಲಿ ಹುರಿದ ಕಾಫಿಯ ಘಾಟು ಮೂಗಿಗೆ ಅಡರಿತು. ಆಮೇಲಿನ ನೋಟ್‌ಬುಕ್ಕೆಲ್ಲ ಆ ಅಂಗಡಿಯದೇ. ಓದುಗರು ಸಹಿಸಿಕೊಳ್ಳಬೇಕು.

ಅಂಗಡಿಯ ಹೆಸರು ಬರೆಯಬಾರದೆಂದು ಅವರ ಷರತ್ತು. "ಬರೆದ್ರೆ ಭಾನುವಾರ ಕಾರುಗಳು ಬಂದು ನಿಲ್ಲತ್ವೆ. ಎದುರುಮನೆಯವರ ಹತ್ರ ಬೈಸಿಕೊಳ್ಳೋನು ನಾನು." ಹತ್ತು ಅಡಿ ಅಗಲದ ಜಾಗ. ಮುಂದೆ ಕಲ್ಲಿನ ಜಗಲಿ, ಅದರಾಚೆ ಕೆಂಪು ಬಣ್ಣ ಬಳಿದ ಗ್ರೈಂಡರು, ಹಿಂದಿನ ಕತ್ತಲಲ್ಲಿ ಹುರಿಯುವ ಡ್ರಮ್ಮು. ಗಾಜಿನ ಮೇಜಿನ ಮೇಲೆ ಎಲೆಕ್ಟ್ರಾನಿಕ್ ತಕ್ಕಡಿ. ಅದರ ಪಕ್ಕದಲ್ಲೇ, ಈಗ ಕೆಲಸವಿಲ್ಲದಿದ್ದರೂ ದಿನಾ ಹುಣಸೇಹಣ್ಣಿನಲ್ಲಿ ತಿಕ್ಕಿಸಿಕೊಳ್ಳುವ ಹಿತ್ತಾಳೆ ತೂಕದ ಬಟ್ಟುಗಳು.

ಒಂದು ಉದ್ದನೆಯ ಲೆಕ್ಕದ ಪುಸ್ತಕವಿದೆ. ಅದರಲ್ಲಿ ಗಿರಾಕಿಗಳ ಹೆಸರು ಕಡಿಮೆ, ಅಂಕಿ ಹೆಚ್ಚು. ಯಾರ ಮನೆಗೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂಬ ಲೆಕ್ಕ ಅದು. ಯಜಮಾನರು ಜನರನ್ನು ಗುರುತಿಸುವುದೂ ಹಾಗೆಯೇ. "ಎಂಬತ್ತು-ಇಪ್ಪತ್ತು ಮೇಷ್ಟ್ರು ಬಂದ್ರು ನೋಡಿ." "ಆಯಮ್ಮ ಡಾಕ್ಟ್ರು, ಚಿಕೋರಿ ಮುಟ್ಟಲ್ಲ." ಒಂದು ಮನೆಯ ಅಂಕಿಯನ್ನು ಹೊಡೆದು ಪಕ್ಕದಲ್ಲಿ ಬೇರೆ ಬರೆದಿತ್ತು. ಯಾಕೆಂದು ಕೇಳಿದೆ. "ಆ ಮನೆ ಯಜಮಾನ್ರು ಹೋದ್ರು. ಗಟ್ಟಿ ಕಾಫಿ ಬೇಕಾಗಿದ್ದಿದ್ದು ಅವರಿಗೆ ಮಾತ್ರ. ಈಗ ಎಪ್ಪತ್ತು-ಮೂವತ್ತು." ಇಷ್ಟು ಹೇಳಿ ಪುಟ ತಿರುವಿದರು.

ಡ್ರಮ್ಮು ಉರಿಯುವುದು ಮಂಗಳವಾರ ಮತ್ತು ಶುಕ್ರವಾರ ಬೆಳಗ್ಗೆ. ಶುಕ್ರವಾರ ನನ್ನನ್ನು ಒಳಗೆ ಬಿಟ್ಟರು. ಹಸಿ ಬೀಜಕ್ಕೆ ಕಾಫಿಯ ವಾಸನೆಯೇ ಇಲ್ಲ. ಹಸಿರುಮಿಶ್ರಿತ ಬೂದು ಬಣ್ಣ, ಮೂಸಿದರೆ ಒಣಹುಲ್ಲಿನ ನಾತ. ಮೊದಲು ಸೌದೆ ಒಲೆ ಇತ್ತಂತೆ, ಈಗ ಗ್ಯಾಸು. ಕಾವು ಏರುತ್ತ ಬೀಜ ಹಳದಿಗೆ ತಿರುಗುತ್ತದೆ, ಆಗ ಬೇಕರಿಯ ಮುಂದೆ ನಿಂತ ಹಾಗೆ. ಮುಂದೆ ಬೆಲ್ಲದ ಬಣ್ಣ. ಅಲ್ಲಿಯವರೆಗೆ ಒಂದೇ ಸಮ ಮಾತಾಡುತ್ತಿದ್ದ ಮನುಷ್ಯ ಆಗ ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿ, ಎಡಗಿವಿಯನ್ನು ಡ್ರಮ್ಮಿಗೆ ಕೊಟ್ಟು ನಿಂತರು. ಬಲಗಿವಿ ಅಷ್ಟಾಗಿ ಕೇಳುವುದಿಲ್ಲ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಚಟ್. ಇನ್ನೊಂದು ಚಟ್. ನೋಡುನೋಡುತ್ತ ಒಗ್ಗರಣೆಗೆ ಹಾಕಿದ ಸಾಸಿವೆಯ ಹಾಗೆ ಚಟಪಟ ಶುರುವಾಯಿತು. ಇನ್ನೂರು ಡಿಗ್ರಿಯ ಹತ್ತಿರ ಬೀಜದೊಳಗಿನ ಆವಿ ಹೊರಗೆ ಬರಲು ದಾರಿ ಮಾಡಿಕೊಳ್ಳುವ ಸದ್ದದು. ಡ್ರಮ್ಮಿಗೆ ಉಷ್ಣಮಾಪಕವಿದೆ, ಅದರ ಮುಳ್ಳು ಯಾವ ಕಾಲದಲ್ಲೋ ಒಂದೇ ಕಡೆ ನಿಂತುಬಿಟ್ಟಿದೆ. "ಅದನ್ನ ನೋಡಿ ಹುರಿಯೋನು ಕೆಡಿಸ್ತಾನೆ. ಕಿವೀಲಿ ಹುರೀಬೇಕು."

ಚಟಪಟ ತಗ್ಗಿದ ಮೇಲೆ ಸೌಟಿನಲ್ಲಿ ನಾಲ್ಕು ಬೀಜ ತೆಗೆದು, ಒಂದನ್ನು ಬೆರಳಲ್ಲೇ ಪುಡಿ ಮಾಡಿ, ಬಾಗಿಲಿನ ಬೆಳಕಿಗೆ ಹಿಡಿದು ನೋಡಿ, ಇನ್ನೂ ಸ್ವಲ್ಪ ತಡೆದು ಮುಚ್ಚಳ ತೆಗೆದರು. ಬೀಜ ತಟ್ಟೆಗೆ ಸುರಿದಾಗ ಎದ್ದ ಹೊಗೆಯಲ್ಲಿ ಅವರೂ ಕಾಣಲಿಲ್ಲ. ಮರದ ಹುಟ್ಟಿನಿಂದ ಕೆದಕಿದಂತೆ ಬೀಜಕ್ಕಂಟಿದ ತೆಳುಪೊರೆ ಹಾರಿ ಹಾರಿ ಹುಬ್ಬಿನ ಮೇಲೆ ಕೂತಿತು. ಒಂದು ಕೆ.ಜಿ. ಹಸಿ ಬೀಜ ಹುರಿದಾಗ ಎಂಟುನೂರು ಗ್ರಾಮಿನ ಮೇಲೆ ಚೂರುಪಾರು ಉಳಿಯುತ್ತದೆ. "ಹೊಗೆಯಾಗಿ ಹೋಗಿದ್ದಕ್ಕೂ ದುಡ್ಡು ಕೊಟ್ಟಿರ್ತೀವಲ್ಲ!"

ಇವರ ಪುಡಿಯ ಬೆನ್ನೆಲುಬು ಪ್ಲಾಂಟೇಷನ್, ಅಂದರೆ ಹಣ್ಣಿನ ತಿರುಳು ತೊಳೆದು ಒಣಗಿಸಿದ ಅರೇಬಿಕಾ. ಅದಕ್ಕೆ ಪೀಬೆರಿ ಸೇರುತ್ತದೆ. ಸಾಮಾನ್ಯವಾಗಿ ಕಾಫಿ ಹಣ್ಣಿನಲ್ಲಿ ಬೆನ್ನು ಉಬ್ಬಿದ, ಹೊಟ್ಟೆ ಚಪ್ಪಟೆಯಾದ ಎರಡು ಬೇಳೆ. ಕೆಲವು ಹಣ್ಣಿನಲ್ಲಿ ಮಾತ್ರ ಗುಂಡಗಿನ ಒಂದೇ ಬೀಜ. ಅದೇ ಪೀಬೆರಿ. ಉರುಳುವುದರಿಂದ ಸಮನಾಗಿ ಹುರಿಯುತ್ತದೆ ಎಂದು ಅವರ ನಂಬಿಕೆ. ರೊಬಸ್ಟಾ ಬೇಕೆಂದವರಿಗೆ ಅದೂ ಉಂಟು, ಕಹಿಗೆ, ಮೈಗೆ. ಇನ್ನು ಚಿಕೋರಿ: ಅದು ಕಾಫಿಯ ಜಾತಿಯೇ ಅಲ್ಲ, ಗುಜರಾತ್, ಉತ್ತರ ಪ್ರದೇಶದ ಕಡೆ ಬೆಳೆಯುವ ಒಂದು ಗೆಡ್ಡೆ. ಡಿಕಾಕ್ಷನ್ನಿಗೆ ಬಣ್ಣ, ದಪ್ಪ ಕೊಡುತ್ತದೆ, ನೀರು ನಿಧಾನವಾಗಿ ಇಳಿಯುವಂತೆ ಹಿಡಿದಿಡುತ್ತದೆ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಶೇ. 49ರವರೆಗೂ ಚಿಕೋರಿ ಇರಬಹುದು. ಅಷ್ಟು ಹಾಕಿದ್ದನ್ನು ಕಾಫಿ ಎಂದು ಕರೆಯುವುದು ಹೇಗೆ ಎಂದು ನಾನು ಕೇಳಿದೆ. ಅವರು ನಕ್ಕರು, ಉತ್ತರ ಕೊಡಲಿಲ್ಲ. ಗಿರಾಕಿಗಳಲ್ಲಿ ಅಂಥವರೂ ಇರಬೇಕು. ಪುಡಿ ಮಾಡುವುದರಲ್ಲಿ ಹೇಳುವಂಥದ್ದೇನಿಲ್ಲ, ಹುರಿದ ಮಾರನೇ ದಿನ ಮಾಡುತ್ತಾರೆ.

ಇತಿಹಾಸ ಕೇಳಿದರೆ ಅವರು ಬಾಬಾ ಬುಡನ್‌ರಿಂದಲೇ ಶುರು ಮಾಡುತ್ತಾರೆ: ಯೆಮನ್ನಿನಿಂದ ಏಳು ಬೀಜ ಬಚ್ಚಿಟ್ಟುಕೊಂಡು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬ ಕತೆ. ಅಲ್ಲಿಂದ ನೇರ ಜಿಗಿದರೆ ಅವರ ತಂದೆ. ಅಂಗಡಿ ಇಟ್ಟ ವರ್ಷ "ನಾನು ಹುಟ್ಟೋಕೆ ಮುಂಚೆ". 1942ರ ಕಾಯ್ದೆ ಬಂದ ಮೇಲೆ ಬೆಳೆಗಾರರು ಕಾಫಿಯನ್ನೆಲ್ಲ ಕಾಫಿ ಬೋರ್ಡಿಗೇ ಕೊಡಬೇಕಿತ್ತು, ವ್ಯಾಪಾರಿಗಳು ಬೋರ್ಡಿನ ಹರಾಜಿನಲ್ಲಿ ಕೊಳ್ಳಬೇಕಿತ್ತು. ಆ ವ್ಯವಸ್ಥೆ 1990ರ ದಶಕದಲ್ಲಿ ಸಡಿಲವಾಗುತ್ತ ಹೋಗಿ ಕೊನೆಗೆ ನಿಂತಿತು. "ಆಗ ಬೀಜ ಹರಾಜಲ್ಲಿ ಸಿಗ್ತಿತ್ತು, ಈಗ ಫೋನಲ್ಲಿ ಸಿಗತ್ತೆ. ಬೀಜ ಮಾತ್ರ ಅದೇ ಕೊಡಗಿಂದು, ಚಿಕ್ಕಮಗಳೂರಿಂದು."

ಅವರ ಮಾತು ಕೇಳಿ ಎದ್ದ ಮೇಲೆ ಉಳಿದ ಮೈಸೂರನ್ನು ನಾನು ನೋಡಿದ್ದೂ ಅದೇ ಕನ್ನಡಕದಲ್ಲಿ. ಈ ಊರಿನ ಒಳ್ಳೆಯ ತಿಂಡಿ ಮನೆಗಳಿಗೆಲ್ಲ ಒಂದು ಸಮಾನ ಗುಣವಿದೆ: ಇಲ್ಲ ಎನ್ನಲು ಅಂಜುವುದಿಲ್ಲ. ನಜರ್‌ಬಾದಿನ ಮೈಲಾರಿ 1938ರಿಂದ ನಡೆದು ಬಂದ ಹೆಸರು. ಅದೇ ಹೆಸರಿನಲ್ಲಿ ಈಗ ಒಂದೇ ರಸ್ತೆಯಲ್ಲಿ ಎರಡು ಹೋಟೆಲು. ಯಾವುದು ಮೂಲ ಎಂದು ಮೈಸೂರಿನವರನ್ನು ಕೇಳಿದರೆ ಮಧ್ಯಾಹ್ನವಾಗುತ್ತದೆ, ಕೇಳದೆ ಒಳಗೆ ಹೋಗುವುದು ಲೇಸು. ಗರಿಗರಿ ಬಯಸುವವರಿಗೆ ಇಲ್ಲಿ ಜಾಗವಿಲ್ಲ. ದೋಸೆ ಹತ್ತಿಯಷ್ಟು ಮೆದು, ಒಳಗೆ ಆಲೂಗಡ್ಡೆ ಪಲ್ಯದ ಬದಲು ಸಾಗು, ಮೇಲೆ ಕರಗುತ್ತಿರುವ ಬೆಣ್ಣೆ, ಬಾಳೆಲೆ, ಕಾಯಿಚಟ್ನಿ. ಚಮಚ ಕೇಳುವಂಥ ತಿಂಡಿಯೇ ಅಲ್ಲ, ಬೆರಳಿಗೆ ತಾನಾಗಿ ಹರಿದು ಬರುತ್ತದೆ. ಮಂಡಿ ಮೊಹಲ್ಲಾದಲ್ಲಿ ಹನುಮಂತು ಹೋಟೆಲಿನ ಪಲಾವು 1930ರಿಂದ ಇದೆ. ಅಲ್ಲಿಗೆ ಹೋಗುವವರು ಬೆಳಗಿನ ತಿಂಡಿಯ ಹೊತ್ತಿಗೇ ಪಲಾವಿಗೆ ಕೂರುತ್ತಾರೆ.

ಮೈಸೂರುಪಾಕಿನ ಕತೆ ಎಲ್ಲರಿಗೂ ಗೊತ್ತಿರುವುದೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಅಡುಗೆಯ ಕಾಕಾಸುರ ಮಾದಪ್ಪನವರು ಕಡಲೆಹಿಟ್ಟು, ತುಪ್ಪ, ಸಕ್ಕರೆಯಲ್ಲಿ ಮಾಡಿದ್ದೆನ್ನುತ್ತಾರೆ. ಅವರ ವಂಶದವರ ಗುರು ಸ್ವೀಟ್ ಮಾರ್ಟ್ ಸಯ್ಯಾಜಿರಾವ್ ರಸ್ತೆಯಲ್ಲಿದೆ. ಬಾಯಲ್ಲಿಟ್ಟರೆ ಕರಗುವ ತುಪ್ಪದ ಪಾಕನ್ನು ಜನ ಹೊಗಳುತ್ತಾರೆ. ನನ್ನ ಓಟು ಗೂಡುಗೂಡಾದ ಗಟ್ಟಿ ಪಾಕಿಗೆ. ಕುದಿಯುವ ಹಿಟ್ಟಿಗೆ ಕಾದ ತುಪ್ಪ ಹೊಯ್ದಾಗ ಅದು ನೊರೆಯೆದ್ದು ಉಬ್ಬಬೇಕು, ತಟ್ಟೆಗೆ ಸುರಿದ ಮೇಲೂ ನಡುವೆ ಉಳಿದ ಕಾವಿನಲ್ಲೇ ಬೇಯುತ್ತ ಅಲ್ಲೊಂದು ಕೆಂಪು ಪಟ್ಟೆ ಮೂಡಬೇಕು. ಆ ಪಟ್ಟೆ ಇಲ್ಲದ್ದು ನನಗೆ ಪಾಕಲ್ಲ. ಸಂಜೆ ಚುರುಮುರಿಯವನೂ ಇಲ್ಲ ಎನ್ನಲು ಅಂಜದವನೇ. ಕ್ಯಾರೆಟ್ ತುರಿ, ಈರುಳ್ಳಿ, ಕೊತ್ತಂಬರಿ, ಖಾರ, ನಾಲ್ಕು ಹನಿ ಎಣ್ಣೆ. ಡಬ್ಬದಲ್ಲಿ ಕಲಸಿ, ಕಾಗದದ ಪೊಟ್ಟಣಕ್ಕೆ ಸುರಿದು "ಈಗಲೇ ತಿನ್ನಿ, ಕಟ್ಟಿಕೊಡಲ್ಲ, ಮೆತ್ತಗಾಗತ್ತೆ" ಎಂದ.

ಸಿಹಿ ಅಂಗಡಿಗೆ ಅಂಟಿಕೊಂಡೇ ದೇವರಾಜ ಮಾರುಕಟ್ಟೆ. ಮೈಸೂರು ವೀಳ್ಯದೆಲೆ, ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ, ಮೂರಕ್ಕೂ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಎಲೆ, ಹೂವು ಕೈಗೆ ಸಿಕ್ಕವು, ರಸಬಾಳೆ ಸಿಗಲಿಲ್ಲ. 2016ರ ಆಗಸ್ಟಿನಲ್ಲಿ ಈ ಕಟ್ಟಡದ ಒಂದು ಭಾಗ ಕುಸಿದುಬಿತ್ತು. ಕೆಡವಿ ಹೊಸದು ಕಟ್ಟಬೇಕೋ, ಇರುವುದನ್ನೇ ಉಳಿಸಬೇಕೋ ಎಂಬ ಜಗ್ಗಾಟ ಅಲ್ಲಿಂದ ಶುರುವಾಗಿ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಎಲೆ ಮಾರುವಾಕೆಗೆ ಈ ವಿಷಯದಲ್ಲಿ ಆಸಕ್ತಿಯಿರಲಿಲ್ಲ. "ನೂರು ಎಲೆ ಎಣಿಸಲಾ, ಐವತ್ತಾ?" ಎಂದಷ್ಟೇ ಕೇಳಿದಳು.

ಕಾಫಿ ಅಂಗಡಿಯ ಕಷ್ಟ ಬೇರೆ ಥರದ್ದು. ವಿಯೆಟ್ನಾಂ, ಬ್ರೆಜಿಲ್‌ಗಳಲ್ಲಿ ಬರ ಬಂದು 2024ರಲ್ಲಿ, 2025ರ ಮೊದಲ ತಿಂಗಳುಗಳಲ್ಲಿ ಕಾಫಿಯ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯುವ ರಾಜ್ಯದಲ್ಲೇ ಜನ ಪುಡಿಯ ಬೆಲೆ ಕೇಳಿ ಹಿಂದೆ ಸರಿದರು. ಬೆಳೆಗಾರರಿಗೆ ಬಹಳ ವರ್ಷಗಳ ಮೇಲೆ ನಾಲ್ಕು ಕಾಸು ಕಂಡಿತು, ಅದಕ್ಕೆ ಇವರ ತಕರಾರಿಲ್ಲ. "ಆದ್ರೆ ಎಂಬತ್ತು-ಇಪ್ಪತ್ತಿನೋರು ಅರವತ್ತು-ನಲವತ್ತು ಕೇಳ್ತಾರೆ. ಕೊಡ್ತೀನಿ. ಪುಸ್ತಕದಲ್ಲಿ ಮಾತ್ರ ಹಳೇದನ್ನ ಹೊಡೆದಿಲ್ಲ, ಬೆಲೆ ಇಳಿದ ಮೇಲೆ ವಾಪಸ್ ಬರ್ತಾರೆ." ಇಲ್ಲಿಂದ ಇಪ್ಪತ್ತೈದು ಕಿಲೋಮೀಟರಿನೊಳಗೆ ನಂಜನಗೂಡಿನಲ್ಲಿ ಇನ್‌ಸ್ಟಂಟ್ ಕಾಫಿಯ ದೊಡ್ಡ ಕಾರ್ಖಾನೆಯಿದೆ. ಅದರ ಬಗ್ಗೆ ಕೇಳಿದಾಗ ಬೈಯಬಹುದೆಂದುಕೊಂಡೆ. "ಪ್ರಯಾಣಕ್ಕೆ ಅನುಕೂಲ ಕಣ್ರೀ, ನಮ್ಮನೇಲೂ ಒಂದು ಬಾಟ್ಲಿ ಇದೆ" ಎಂದರು.

ಮಗ ಬೇರೆ ಊರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಬಂದಾಗ ಅಂಗಡಿಯಲ್ಲಿ ಕೂರುತ್ತಾನೆ, ಆದರೆ ಹುರಿಯಲು ಬಾರದು. ಅಂಗಡಿಗೆ ಆನ್‌ಲೈನ್ ವ್ಯಾಪಾರ ಮಾಡಿಸುತ್ತೇನೆಂದು ಒಮ್ಮೆ ಹೊರಟಿದ್ದನಂತೆ. ಫಿಲ್ಟರು ಯಾವುದು, ಹಾಲು ಯಾವುದು ಎಂದು ಕೇಳದೆ ಪುಡಿ ಕಳಿಸುವುದಕ್ಕೆ ಅಪ್ಪ ಒಪ್ಪಲಿಲ್ಲ.

ಗ್ರೈಂಡರಿನ ಚಕ್ರಕ್ಕೆ ಒಂದು ಚಪ್ಪಟೆ ಪಟ್ಟಿ. ಅದನ್ನು ಹೊಲಿದುಕೊಡುತ್ತಿದ್ದ ಅಂಗಡಿ ಮುಚ್ಚುವಾಗ ಇವರು ಮೂರು ತಂದಿಟ್ಟುಕೊಂಡರು. ಮೊದಲನೆಯದು ಸವೆದು ಹೋಗಿದೆ, ಎರಡನೆಯದು ಓಡುತ್ತಿದೆ, ಮೂರನೆಯದು ಗೋಡೆಯ ಮೊಳೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ತೂಗುತ್ತಿದೆ. ಅದಾದ ಮೇಲೆ ಏನು ಎಂದು ಕೇಳಿದೆ. ಬೀಜ ತೂಗುತ್ತಿದ್ದವರು ತಲೆ ಎತ್ತದೆ, "ನನಗೂ ಎಪ್ಪತ್ನಾಲ್ಕು" ಎಂದರು.

ಹೋಗುವವರಿಗೆ ಇಷ್ಟೇ: ವಿಳಾಸ ಕೇಳಬೇಡಿ, ಮಂಗಳವಾರ ಅಥವಾ ಶುಕ್ರವಾರ ಬೆಳಗ್ಗೆ ಅಗ್ರಹಾರದ ಕಡೆ ನಡೆದುಕೊಂಡು ಹೋಗಿ, ಮೂಗು ತೋರಿಸುತ್ತದೆ. ಮುಚ್ಚಳ ಗಟ್ಟಿಯಿರುವ ಡಬ್ಬಿ ಒಯ್ಯಿರಿ. ಮನೆಯ ಫಿಲ್ಟರು ಎಂಥದ್ದೆಂದು ಹೊರಡುವ ಮುಂಚೆ ನೋಡಿಕೊಂಡಿರಿ. ಅರ್ಧ ಕೆ.ಜಿ. ಕೇಳಬೇಡಿ. ನಾನು ತಂದ ಕಾಲು ಕೆ.ಜಿ. ಹನ್ನೊಂದನೇ ದಿನಕ್ಕೆ ಮುಗಿಯಿತು.